ಡೇವ್ ಗ್ಯಾಲಹರ್: ಮೋಸಗಾರನಾ, ನಾಯಕನಾ?

ಪ್ರಶ್ನೆ: ಟಿವಿಯಲ್ಲಿ ನ್ಯೂಜಿಲೆಂಡ್ ಮತ್ತು ಫ್ರಾನ್ಸ್ ನಡುವಿನ ರಗ್ಬಿ ಪಂದ್ಯ ನೋಡುತ್ತಿದ್ದೆ. ಕೊನೆಗೆ ಗೆದ್ದವರಿಗೆ ‘ಡೇವ್ ಗ್ಯಾಲಹರ್ ಟ್ರೋಫಿ’ ಅಂತ ಒಂದು ಕೊಟ್ಟರು. ಯಾರಪ್ಪಾ ಇದು ಎಂದು ಹುಡುಕಿದೆ. ತಮ್ಮನ ಸಾವಿಗೆ ಸೇಡು ತೀರಿಸಿಕೊಳ್ಳಲು ಯುದ್ಧಕ್ಕೆ ಹೋದ ದೊಡ್ಡ ನಾಯಕ ಎಂದು ಒಂದು ಕಡೆ ಇತ್ತು. ಬ್ರಿಟಿಷ್ ಪತ್ರಿಕೆಗಳು ಅವರನ್ನು ಮೋಸಗಾರ ಎಂದು ಬೈದಿದ್ದವು ಎಂದು ಇನ್ನೊಂದು ಕಡೆ ಇತ್ತು. ಯಾವುದನ್ನು ನಂಬೋದು? ಅದೂ ಫ್ರಾನ್ಸ್ ಜೊತೆಗಿನ ಪಂದ್ಯಕ್ಕೆ ಅವರ ಹೆಸರೇ ಯಾಕೆ? ನನಗೆ ರಗ್ಬಿ ಅಷ್ಟಾಗಿ ಗೊತ್ತಿಲ್ಲ, ಸ್ವಲ್ಪ ಬಿಡಿಸಿ ಹೇಳಿ.

ಉತ್ತರ: ಸೇಡಿನ ಕಥೆ ತಾರೀಖು ಹಿಡಿದು ನೋಡಿದರೆ ನಿಲ್ಲುವುದಿಲ್ಲ, ಅದಕ್ಕೆ ಆಮೇಲೆ ಬರುತ್ತೇನೆ. ಮೋಸದ ಮಾತನ್ನು ಮಾತ್ರ ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ಸೋತವರು ಹೊಟ್ಟೆಕಿಚ್ಚಿಗೆ ಬೈದರು ಅಂತ ನ್ಯೂಜಿಲೆಂಡಿನ ಕಡೆಯವರು ಹೇಳುತ್ತಾರೆ. ನನಗೆ ಅದು ಅರ್ಧ ಮಾತ್ರ ಒಪ್ಪಿಗೆ. ಆದರೆ ಆ ಬೈಗುಳ ಯಾಕೆ ಬಂತು ಎಂದು ತಿಳಿದರೆ, ಗ್ಯಾಲಹರ್ ಎಂಥ ಆಟಗಾರ ಎನ್ನುವುದೂ ತಿಳಿಯುತ್ತದೆ.

ಅವರು ಹುಟ್ಟಿದ್ದು ನ್ಯೂಜಿಲೆಂಡಿನಲ್ಲಲ್ಲ. ಐರ್ಲೆಂಡಿನ ಡೊನೆಗಾಲ್ ಸೀಮೆಯ ರಾಮೆಲ್ಟನ್ ಎಂಬ ಸಣ್ಣ ಊರಿನಲ್ಲಿ, 1873ರ ಅಕ್ಟೋಬರ್ 30ರಂದು. ಅಪ್ಪ ಅಲ್ಲಿ ಅಂಗಡಿ ಇಟ್ಟಿದ್ದರು. 1878ರಲ್ಲಿ ಕುಟುಂಬ ಹಡಗು ಹತ್ತಿತು. ನ್ಯೂಜಿಲೆಂಡಿನ ಉತ್ತರ ದ್ವೀಪದ ಕಟಿಕಟಿಯಲ್ಲಿ ಐರಿಶ್ ಕುಟುಂಬಗಳನ್ನು ಕರೆತಂದು ನೆಲೆಗೊಳಿಸುವ ಯೋಜನೆ ಆಗ ನಡೆಯುತ್ತಿತ್ತು. ಹೋಗಿ ನೋಡಿದರೆ ಸಿಕ್ಕ ಜಮೀನು ಅಷ್ಟಕ್ಕಷ್ಟೆ. ಅಪ್ಪನಿಗೆ ವಯಸ್ಸಾಗಿತ್ತು. ಅಮ್ಮ ಮರಿಯಾ ಊರಿನ ಶಾಲೆಯಲ್ಲಿ ಟೀಚರ್ ಆದರು, ಆ ಸಂಬಳದಲ್ಲಿ ಮನೆ ನಡೆಯಿತು. 1887ರಲ್ಲಿ ಆಕೆ ಕ್ಯಾನ್ಸರ್‌ನಿಂದ ತೀರಿಕೊಂಡರು. ಹುಡುಗನಿಗೆ ಆಗ 13. ಶಾಲೆ ಬಿಟ್ಟು ದುಡಿಮೆಗೆ ಇಳಿದ.

ಅಂದ ಹಾಗೆ ಮನೆತನದ ಹೆಸರಿನ ಇಂಗ್ಲಿಷ್ ಕಾಗುಣಿತದಲ್ಲಿ ಮೊದಲು ನಡುವೆ ಒಂದು ‘ಜಿ’ ಅಕ್ಷರ ಇತ್ತು. ಹೊಸ ದೇಶದಲ್ಲಿ ಜನರಿಗೆ ಗೊಂದಲ ಆಗುತ್ತದೆಂದು ಅದನ್ನು ಕೈಬಿಟ್ಟರು. ಐರ್ಲೆಂಡಿನಲ್ಲಿ ಈಗಲೂ ಆ ‘ಜಿ’ ಇರುವ ಮನೆತನಗಳೇ ಜಾಸ್ತಿ.

ಮುಂದೆ ಆಕ್ಲೆಂಡ್. ಅಲ್ಲಿ ಮಾಂಸವನ್ನು ಹೆಪ್ಪುಗಟ್ಟಿಸಿ ಹಡಗಿಗೆ ಏರಿಸುವ ಕಂಪನಿಯಲ್ಲಿ ಕೂಲಿಯಾಗಿ ಸೇರಿ ಮೇಸ್ತ್ರಿ ಆದರು. ದಿನವಿಡೀ ಕುರಿ, ದನದ ಇಡೀ ಇಡೀ ದೇಹ ಎತ್ತುವ ಕೆಲಸ. ಜಿಮ್ ಬೇರೆ ಬೇಕಾಗಿರಲಿಲ್ಲ. 1895ರಲ್ಲಿ ಪಾನ್ಸನ್‌ಬಿ ಕ್ಲಬ್ ಸೇರಿ, ಮರುವರ್ಷ ಆಕ್ಲೆಂಡ್ ಪ್ರಾಂತ್ಯದ ಪರ ಆಡಿದರು. 1901ರ ಆರಂಭದಲ್ಲಿ ಬೋಯರ್ ಯುದ್ಧಕ್ಕೆಂದು (ಬ್ರಿಟಿಷರಿಗೂ ಅಲ್ಲಿ ನೆಲೆಸಿದ್ದ ಡಚ್ ಮೂಲದ ಬೋಯರ್ ಜನರಿಗೂ ನಡೆದದ್ದು) ದಕ್ಷಿಣ ಆಫ್ರಿಕಾಗೆ ಹೋದರು, ಕುದುರೆ ಸವಾರರ ಪಡೆಯಲ್ಲಿ. ಸೇರುವಾಗ ಹುಟ್ಟಿದ ವರ್ಷ 1876 ಎಂದು ಬರೆಸಿದರು, ಅಂದರೆ ಮೂರು ವರ್ಷ ಕಡಿಮೆ. ಈ ಸಣ್ಣ ಸುಳ್ಳು ನೆನಪಿರಲಿ.

1902ರಲ್ಲಿ ವಾಪಸ್ ಬಂದಾಗ ಅವರಿಗೆ 28 ದಾಟಿತ್ತು. ಬಹಳ ಜನ ಆಟ ಬಿಡುವ ವಯಸ್ಸು. ಇವರ ಅಂತರರಾಷ್ಟ್ರೀಯ ಆಟ ಶುರುವಾಗಿದ್ದೇ ಅದರ ನಂತರ. 1903ರ ಆಗಸ್ಟ್ 15ರಂದು ಸಿಡ್ನಿಯಲ್ಲಿ ನ್ಯೂಜಿಲೆಂಡ್ ತನ್ನ ಮೊಟ್ಟಮೊದಲ ಟೆಸ್ಟ್ ಪಂದ್ಯ ಆಡಿತು (ರಗ್ಬಿಯಲ್ಲಿ ಟೆಸ್ಟ್ ಎಂದರೆ ಎರಡು ದೇಶಗಳ ತಂಡಗಳ ನಡುವಿನ ಪಂದ್ಯ). ಆಸ್ಟ್ರೇಲಿಯಾ ವಿರುದ್ಧ 22-3ರಿಂದ ಗೆದ್ದ ಆ ತಂಡದಲ್ಲಿ ಗ್ಯಾಲಹರ್ ಇದ್ದರು. ಒಟ್ಟು ಆಡಿದ್ದು ಆರೇ ಟೆಸ್ಟ್. ಆಗ ಟೆಸ್ಟ್ ಪಂದ್ಯ ನಡೆಯುತ್ತಿದ್ದದ್ದೇ ಅಪರೂಪಕ್ಕೆ.

ಈಗ 1905. ನ್ಯೂಜಿಲೆಂಡ್ ತಂಡ ಮೊದಲ ಸಲ ಬ್ರಿಟನ್ ಪ್ರವಾಸಕ್ಕೆ ಹೊರಟಿತು. ನಾಯಕ ಗ್ಯಾಲಹರ್, ಉಪನಾಯಕ ಬಿಲ್ಲಿ ಸ್ಟೆಡ್. ಸ್ಟೆಡ್ ದಕ್ಷಿಣದ ಇನ್ವರ್‌ಕಾರ್ಗಿಲ್ ಊರಿನವರು, ಬೂಟು ಹೊಲಿಯುವ ಕಸುಬು. ಆಟಗಾರರಿಗೆ ಸಂಬಳ ಇಲ್ಲ, ದಿನಕ್ಕೆ 3 ಶಿಲಿಂಗ್ ಖರ್ಚಿಗೆ. ಹಡಗಿನ ಹೆಸರು ರಿಮುಟಾಕ. ಸುಮಾರು ಆರು ವಾರದ ಪಯಣ.

ಹಡಗಿನಲ್ಲೇ ಗಲಾಟೆ ಶುರುವಾಯಿತು. ಆಕ್ಲೆಂಡ್‌ನವರದೇ ದರ್ಬಾರು ಅಂತ ದಕ್ಷಿಣದ ಕೆಲವು ಆಟಗಾರರಿಗೆ ಅಸಮಾಧಾನ. ನಾಯಕನನ್ನು ನಾವು ಆರಿಸಬೇಕಿತ್ತು, ಆಡಳಿತದವರು ಮೇಲಿಂದ ಹೇರಿದ್ದು ಯಾಕೆ ಎಂಬ ತಕರಾರು. ಮಾತು ಕಿವಿಗೆ ಬಿದ್ದ ಕೂಡಲೇ ಗ್ಯಾಲಹರ್ ರಾಜೀನಾಮೆ ಕೊಡುತ್ತೇನೆ ಎಂದರು. ಸ್ಟೆಡ್ ಕೂಡ ಅದನ್ನೇ ಹೇಳಿದರು. ಮ್ಯಾನೇಜರ್ ಜಾರ್ಜ್ ಡಿಕ್ಸನ್ ಒಪ್ಪಲಿಲ್ಲ. ಆದರೂ ಮತಕ್ಕೆ ಹಾಕಿದರು. 17 ಜನ ಇವರೇ ಇರಲಿ ಎಂದರು. ಬಹುಮತ ಹೌದು, ಒಮ್ಮತ ಅಲ್ಲ. ಉಳಿದವರು ಒಪ್ಪದ ತಂಡವನ್ನೇ ಕರೆದುಕೊಂಡು ಮುಂದೆ 35 ಪಂದ್ಯ ಆಡಬೇಕಿತ್ತು, ಯೋಚನೆ ಮಾಡಿ.

ತಂಡಕ್ಕೆ ಅಧಿಕೃತ ಕೋಚ್ ಒಬ್ಬರಿದ್ದರೂ ಕೆಲಸ ನಡೆದದ್ದು ಇವರಿಬ್ಬರಿಂದ. ಮುಂದಿನ ಸಾಲಿನವರನ್ನು ಗ್ಯಾಲಹರ್ ತಯಾರು ಮಾಡಿದರು, ಹಿಂದೆ ಓಡುವವರನ್ನು ಸ್ಟೆಡ್. ಯಾವ ಆಟಗಾರ ಎಲ್ಲಿ ನಿಲ್ಲಬೇಕು, ಯಾವ ಗುಪ್ತ ಪದ ಕೇಳಿದರೆ ಯಾವ ಕಡೆ ಓಡಬೇಕು, ಎಲ್ಲ ಲೆಕ್ಕ ಹಾಕಿಟ್ಟರು. ಪಂದ್ಯಕ್ಕೆ ಮುಂಚೆ ಸ್ವಲ್ಪ ಹೊತ್ತು ಸುಮ್ಮನೆ ಮಲಗಿ ಇವತ್ತಿನ ಆಟದ ಬಗ್ಗೆ ಯೋಚಿಸಿ ಎನ್ನುತ್ತಿದ್ದರು. ಈಗ ಇದಕ್ಕೆಂದೇ ಮನಶ್ಶಾಸ್ತ್ರಜ್ಞರನ್ನು ಇಟ್ಟುಕೊಳ್ಳುತ್ತಾರೆ, ಅಲ್ವಾ?

ಸೆಪ್ಟೆಂಬರ್ 16ರಂದು ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ ಡೆವನ್ ಸೀಮೆಯ ತಂಡದ ಜೊತೆ ಮೊದಲ ಪಂದ್ಯ. ಅಂಕ 55-4. ಡೆವನ್ ಆಗ ಒಳ್ಳೆಯ ತಂಡ. ಫಲಿತಾಂಶ ತಂತಿಯಲ್ಲಿ ಬಂದಾಗ ಕೆಲವು ಪತ್ರಿಕೆಯವರು ಅಂಕ ತಪ್ಪಾಗಿ ಬಂದಿದೆ ಎಂದುಕೊಂಡರು. ತಪ್ಪಾಗಿರಲಿಲ್ಲ. ಮುಂದೆ ಕ್ಯಾಂಬೋರ್ನ್ ಎಂಬಲ್ಲಿ ಕಾರ್ನ್‌ವಾಲ್ ತಂಡದ ಜೊತೆ ಆಡುವಾಗ ಬಿಲ್ಲಿ ವಾಲೆಸ್ ಎಂಬ ಆಟಗಾರ ಬಿಸಿಲಿಗೆಂದು ಟೋಪಿ ಹಾಕಿಕೊಂಡೇ ಮೈದಾನಕ್ಕಿಳಿದ. ತಲೆಯ ಮೇಲೆ ಟೋಪಿ ಇದ್ದ ಹಾಗೇ ಓಡಿ ಹೋಗಿ ಟ್ರೈ ಹೊಡೆದು ಬಂದ (ಟ್ರೈ ಎಂದರೆ ಎದುರಾಳಿಯ ಗೆರೆ ದಾಟಿ ಗಳಿಸುವ ಅಂಕ, ಮುಂದೆ ಬಿಡಿಸಿ ಹೇಳುತ್ತೇನೆ). ಜಿಮ್ಮಿ ಹಂಟರ್ ಅನ್ನುವವರು ಆ ಪ್ರವಾಸದಲ್ಲಿ 44 ಟ್ರೈ ಗಳಿಸಿದರು. ನ್ಯೂಜಿಲೆಂಡ್ ತಂಡಕ್ಕಿರುವ ‘ಆಲ್ ಬ್ಲ್ಯಾಕ್ಸ್’ ಎಂಬ ಹೆಸರು ಎಲ್ಲರ ಬಾಯಲ್ಲಿ ಓಡಾಡತೊಡಗಿದ್ದು ಈ ಪ್ರವಾಸದಲ್ಲೇ. ಎಲ್ಲರೂ ‘ಬ್ಯಾಕ್ಸ್’, ಅಂದರೆ ಹಿಂದಿನ ಸಾಲಿನ ಓಟಗಾರರ ಥರ ಓಡುತ್ತಾರೆ ಎಂದು ಬರೆದದ್ದು ಅಚ್ಚಿನ ತಪ್ಪಿನಿಂದ ‘ಬ್ಲ್ಯಾಕ್ಸ್’ ಆಯಿತು ಎಂಬ ಕಥೆ ಕೇಳಲು ಚೆನ್ನಾಗಿದೆ, ಅಷ್ಟೆ. ಮೈಮೇಲಿದ್ದ ಅಂಗಿ, ಚಡ್ಡಿ, ಕಾಲುಚೀಲ ಎಲ್ಲಾ ಕಪ್ಪು. ಹೆಸರಿಗೆ ಅದಕ್ಕಿಂತ ಕಾರಣ ಬೇಕಾ?

ಈಗ ಮೋಸದ ವಿಷಯಕ್ಕೆ ಬರೋಣ. ಅದಕ್ಕೆ ಮೊದಲು ಸ್ವಲ್ಪ ಆಟ ತಿಳಿಯಬೇಕು. ರಗ್ಬಿಯಲ್ಲಿ ಕಡೆಗೆ 15 ಜನ. ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು, ಆದರೆ ಕೈಯಿಂದ ಮುಂದಕ್ಕೆ ಎಸೆಯುವ ಹಾಗಿಲ್ಲ, ಪಕ್ಕಕ್ಕೋ ಹಿಂದಕ್ಕೋ ಕೊಡಬೇಕು. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ಅದು ಟ್ರೈ. ಕಬಡ್ಡಿಯಲ್ಲಿ ಉಸಿರು ಕಟ್ಟಿ ಗೆರೆ ಮುಟ್ಟುವುದಕ್ಕೆ ಎಷ್ಟು ಬೆಲೆಯೋ ಇಲ್ಲಿ ಇದಕ್ಕೆ ಅಷ್ಟು ಬೆಲೆ. ಆಗ ಟ್ರೈಗೆ 3 ಅಂಕ, ಈಗ 5.

ಸಣ್ಣ ತಪ್ಪಾಗಿ ಆಟ ನಿಂತರೆ ‘ಸ್ಕ್ರಮ್’ ಕಟ್ಟುತ್ತಾರೆ. ಎರಡೂ ಕಡೆಯ ದಾಂಡಿಗರು ಬಗ್ಗಿ, ಭುಜಕ್ಕೆ ಭುಜ ಕೊಟ್ಟು, ಎರಡು ಕೋಣ ತಲೆ ಕೊಟ್ಟ ಹಾಗೆ ಒಬ್ಬರನ್ನೊಬ್ಬರು ತಳ್ಳುತ್ತಾರೆ. ನಡುವಿನ ಸಂದಿಗೆ ಚೆಂಡು ಉರುಳಿಸುತ್ತಾರೆ. ಅದನ್ನು ಕಾಲಿನಿಂದ ಕೊಕ್ಕೆ ಹಾಕಿ ಹಿಂದಕ್ಕೆ ಎಳೆದುಕೊಂಡವರ ಪಾಲಿಗೆ ಚೆಂಡು. ಹಿಂದೆ ‘ಹಾಫ್‌ಬ್ಯಾಕ್’ ಎಂಬ ಚುರುಕು ಆಟಗಾರ ಕಾದಿರುತ್ತಾನೆ. ಅವನು ಚೆಂಡೆತ್ತಿ ಓಟಗಾರರಿಗೆ ಕೊಡುತ್ತಾನೆ.

ಬ್ರಿಟನ್ನಿನಲ್ಲಿ ಸ್ಕ್ರಮ್‌ಗೆ ಎಂಟು ಜನ. ಯಾರು ಮೊದಲು ಬಂದರೋ ಅವರು ಮುಂದೆ, ನಿಗದಿಯಾದ ಜಾಗ ಅಂತ ಇರುತ್ತಿರಲಿಲ್ಲ. ನ್ಯೂಜಿಲೆಂಡಿನವರು ಏಳೇ ಜನ ಹಾಕಿದರು: ಮುಂದೆ ಇಬ್ಬರು, ನಡುವೆ ಮೂವರು, ಹಿಂದೆ ಇಬ್ಬರು. ಬೆಣೆಯ ಆಕಾರ. ಪ್ರತಿಯೊಬ್ಬನ ಜಾಗವೂ ಗೊತ್ತು, ಕೆಲಸವೂ ಗೊತ್ತು. ಜನ ಕಡಿಮೆಯಾದರೂ ಚೆಂಡು ಎಣ್ಣೆ ಹಚ್ಚಿದ ಹಾಗೆ ಹಿಂದಕ್ಕೆ ಜಾರಿ ಬರುತ್ತಿತ್ತು. ಹೀಗೆ ಉಳಿತಾಯವಾದ ಎಂಟನೆಯವನೇ ‘ವಿಂಗ್ ಫಾರ್ವರ್ಡ್’. ಅದೇ ಗ್ಯಾಲಹರ್ ಅವರ ಜಾಗ.

ಅವರ ಕೆಲಸ ಎರಡು. ಒಂದು, ಸ್ಕ್ರಮ್‌ಗೆ ಚೆಂಡು ಹಾಕುವುದು. ಬ್ರಿಟನ್ನಿನಲ್ಲಿ ಹಾಫ್‌ಬ್ಯಾಕ್ ತಾನೇ ಚೆಂಡು ಹಾಕಿ, ಸುತ್ತಿಕೊಂಡು ಹಿಂದಕ್ಕೆ ಓಡಿ ಬಂದು ಎತ್ತಬೇಕು. ಇಲ್ಲಿ ಗ್ಯಾಲಹರ್ ಹಾಕುತ್ತಿದ್ದರು, ಹಾಫ್‌ಬ್ಯಾಕ್ ಮೊದಲೇ ಹಿಂದೆ ನಿಂತು ಕಾಯುತ್ತಿದ್ದ. ಎರಡು, ಚೆಂಡು ಹಾಕಿದ ಮೇಲೆ ಸ್ಕ್ರಮ್‌ನ ಪಕ್ಕದಲ್ಲೇ ನಿಂತುಬಿಡುವುದು. ಎದುರಾಳಿ ಹಾಫ್‌ಬ್ಯಾಕ್ ನಮ್ಮವನ ಮೇಲೆ ನುಗ್ಗಲು ಬಂದರೆ ದಾರಿಯಲ್ಲಿ ಗ್ಯಾಲಹರ್. ಸುಮಾರು ಆರಡಿ ಎತ್ತರದ, ದನದ ದೇಹ ಎತ್ತಿ ಗಟ್ಟಿಯಾದ ಆಳು. ಬೇಕೆಂದೇ ತಡೆಯಬೇಕಾಗಿಯೂ ಇಲ್ಲ, ಸುಮ್ನೆ ಇದ್ದರೂ ಸಾಕು.

ಬ್ರಿಟಿಷ್ ಪತ್ರಿಕೆಗಳಿಗೆ ಇದು ಸಹಿಸಲಿಲ್ಲ. ಅಡ್ಡ ನಿಂತು ತಡೆಯುವುದು ನಿಯಮಕ್ಕೆ ವಿರುದ್ಧ, ಈ ಮನುಷ್ಯ ದಿನವೂ ಅದನ್ನೇ ಮಾಡುತ್ತಾನೆ ಎಂದು ಬರೆದವು. ಊರು ಬದಲಾದರೂ ಆ ಬರಹ ಬದಲಾಗಲಿಲ್ಲ. ಆಗಿನ ಫೋಟೋಗಳಲ್ಲಿ ಗ್ಯಾಲಹರ್ ಕಾಲುಚೀಲದ ಮೇಲೆ, ಹೊರಗಡೆ ಕಾಣುವ ಹಾಗೆ, ಮೊಣಕಾಲಿನ ಕೆಳಗೆ ಪಟ್ಟಿ ಕಟ್ಟಿಕೊಂಡಿದ್ದಾರೆ. ನಾನು ಮೊದಲ ಸಲ ನೋಡಿದಾಗ ಕ್ರಿಕೆಟ್ ಪ್ಯಾಡ್ ಇರಬೇಕು ಅಂದುಕೊಂಡೆ. ಸ್ಕ್ರಮ್ ಬಾಯಲ್ಲಿ ನಿಂತು ಚೆಂಡು ಹಾಕುವವನ ಮೊಳಕಾಲಿಗೆ ಎಷ್ಟು ಒದೆ ಬೀಳಬಹುದು ಅಂತ ಆಮೇಲೆ ಹೊಳೆಯಿತು.

ಹಾಗಾದರೆ ಮೋಸವಾ? ನನ್ನ ಲೆಕ್ಕದಲ್ಲಿ ಅದು ಗೆರೆಯ ಮೇಲೇ ನಿಂತ ಆಟ. ಚೆಂಡು ಹಿಂದಕ್ಕೆ ಹೋದ ಮೇಲೂ ಮುಂದೆ ನಿಂತೇ ಇರುವವನು ದಾರಿಗೆ ಅಡ್ಡ ಅಂತ ಹೇಳಿದರೆ ಅದನ್ನು ಸುಳ್ಳು ಎನ್ನಲಾಗದು. ಆದರೆ ಆ ಜಾಗವನ್ನು ಗ್ಯಾಲಹರ್ ಕಂಡುಹಿಡಿದದ್ದಲ್ಲ. ನ್ಯೂಜಿಲೆಂಡಿನಲ್ಲಿ ಮೊದಲಿನಿಂದ ಹಾಗೇ ಆಡುತ್ತಿದ್ದರು. 1904ರಲ್ಲಿ ಬ್ರಿಟಿಷ್ ತಂಡವೇ ಅಲ್ಲಿಗೆ ಬಂದು ವೆಲಿಂಗ್ಟನ್‌ನಲ್ಲಿ 9-3ರಿಂದ ಸೋತು ಹೋಗಿತ್ತು, ಗೊತ್ತಿಲ್ಲದ ವಿಷಯವೇನಲ್ಲ. ಕೊನೆಗೆ 1930ರಲ್ಲಿ ನ್ಯೂಜಿಲೆಂಡಿಗೆ ಹೋದ ಬ್ರಿಟಿಷ್ ತಂಡದ ಮ್ಯಾನೇಜರ್ ಇದರ ಬಗ್ಗೆ ಬಹಿರಂಗವಾಗಿಯೇ ಕಿಡಿಕಾರಿದರು. ಸ್ವಲ್ಪ ಸಮಯದಲ್ಲೇ ಸ್ಕ್ರಮ್‌ನ ಮುಂದಿನ ಸಾಲಿನಲ್ಲಿ ಮೂವರು ಇರಲೇಬೇಕು ಎಂಬ ನಿಯಮ ಬಂತು. ವಿಂಗ್ ಫಾರ್ವರ್ಡ್ ಎಂಬ ಜಾಗವೇ ಮಾಯವಾಯಿತು. ಮುಂದಿನ ಸಲ ಪಂದ್ಯ ನೋಡುವಾಗ ಮುಂದಿನ ಸಾಲು ಎಣಿಸಿ ನೋಡಿ, ಮೂವರೇ ಇರುತ್ತಾರೆ. ನಿಯಮ ಬದಲಿಸಬೇಕಾಯಿತು ಎಂದರೆ ಹಳೆಯ ನಿಯಮದಲ್ಲಿ ಜಾಗ ಇತ್ತು ಎಂದೇ ಅರ್ಥ.

ಪ್ರವಾಸ ಮುಂದುವರಿಯಿತು. ಸ್ಕಾಟ್ಲೆಂಡಿನವರು ಪಂದ್ಯಕ್ಕೆ ಖಾತರಿ ಹಣ ಕೊಡಲು ಒಪ್ಪದೆ, ಬೇಕಿದ್ದರೆ ಟಿಕೆಟ್ ಕಲೆಕ್ಷನ್ ನೀವೇ ಇಟ್ಟುಕೊಳ್ಳಿ ಎಂದಿದ್ದರು. ಜನ ಕಿಕ್ಕಿರಿದು ಬಂದರು. ಖಾತರಿಗಿಂತ ಎಷ್ಟೋ ಪಟ್ಟು ಹಣ ಪ್ರವಾಸಿಗಳ ಪಾಲಾಯಿತು. ಪಂದ್ಯವನ್ನೂ ಅವರೇ 12-7ರಿಂದ ಗೆದ್ದರು. ಐರ್ಲೆಂಡ್ ಟೆಸ್ಟ್‌ಗೆ ಮಾತ್ರ ಗ್ಯಾಲಹರ್ ಇಳಿಯಲಾಗಲಿಲ್ಲ, ಕಾಲಿಗೆ ಗಾಯ. ಹುಟ್ಟಿದ ನಾಡಿನ ಎದುರು ಆಡುವ ಅವಕಾಶ ಹಾಗೆ ತಪ್ಪಿತು. ಇಂಗ್ಲೆಂಡ್ 15-0ರಿಂದ ಸೋತಿತು.

ಆಮೇಲೆ ವೇಲ್ಸ್. 1905ರ ಡಿಸೆಂಬರ್ 16, ಕಾರ್ಡಿಫ್. ಪ್ರವಾಸದ 28ನೇ ಪಂದ್ಯ, ಹಿಂದಿನ 27ನ್ನೂ ಗೆದ್ದು ಬಂದಿದ್ದ ತಂಡ. ನ್ಯೂಜಿಲೆಂಡಿನವರು ಎಂದಿನ ಹಾಗೆ ತಮ್ಮ ನಾಡಿನ ಮೂಲನಿವಾಸಿ ಮಾವೊರಿಗಳ ಹಾಕಾ ಎಂಬ ಯುದ್ಧದ ಕುಣಿತ ಕುಣಿದರು. ಅದಕ್ಕೆ ಉತ್ತರವಾಗಿ ವೇಲ್ಸ್ ಆಟಗಾರರು ತಮ್ಮ ನಾಡಗೀತೆ ಹಾಡಿದರು, ಸ್ಟೇಡಿಯಂ ಪೂರ್ತಿ ದನಿಗೂಡಿಸಿತು. ಆಟಕ್ಕೆ ಮುಂಚೆ ನಾಡಗೀತೆ ಹಾಡುವ ರೂಢಿ ಅಲ್ಲಿಂದಲೇ ಶುರು ಎಂದು ಹೇಳುತ್ತಾರೆ.

ವೇಲ್ಸ್ ಪಾಠ ಓದಿಕೊಂಡು ಬಂದಿತ್ತು. ಅವರೂ ಏಳೇ ಜನರನ್ನು ಸ್ಕ್ರಮ್‌ಗೆ ಹಾಕಿ, ಒಬ್ಬನನ್ನು ಹೊರಗೆ ಬಿಟ್ಟರು. ಸ್ಕಾಟ್ಲೆಂಡಿನ ರೆಫರಿ ಜಾನ್ ಡಲ್ಲಾಸ್, ಗ್ಯಾಲಹರ್ ಚೆಂಡು ಹಾಕುವ ರೀತಿ ಸರಿಯಿಲ್ಲ ಎಂದು ಮತ್ತೆ ಮತ್ತೆ ಸೀಟಿ ಊದಿದರು. ಕೊನೆಗೆ ಗ್ಯಾಲಹರ್ ಚೆಂಡಿಗಾಗಿ ಹೋರಾಡಬೇಡಿ ಎಂದು ತಮ್ಮ ದಾಂಡಿಗರಿಗೇ ಹೇಳಬೇಕಾಯಿತು. ಪ್ರವಾಸದ ಉದ್ದಕ್ಕೂ ಯಾವ ಅಸ್ತ್ರದಿಂದ ಗೆದ್ದರೋ ಅದನ್ನೇ ಕೆಳಗಿಡಬೇಕಾಯಿತು.

ಮೊದಲರ್ಧದಲ್ಲೇ ವೇಲ್ಸ್‌ನ ಡಿಕ್ಕಿ ಓವನ್ ಬಲಕ್ಕೆ ಓಡುವ ಹಾಗೆ ನಟಿಸಿ, ಚೆಂಡನ್ನು ಎಡಕ್ಕೆ ಎಸೆದ. ಎಲ್ಲರೂ ಬಲಕ್ಕೆ ವಾಲಿದ್ದರು. ಇಬ್ಬರ ಕೈ ದಾಟಿ ಚೆಂಡು ಟೆಡ್ಡಿ ಮಾರ್ಗನ್‌ಗೆ ಬಂತು, ಅವನು ಮೂಲೆಯಲ್ಲಿ ಟ್ರೈ ಹೊಡೆದ. 3-0. ಎರಡನೇ ಅರ್ಧದಲ್ಲಿ ನ್ಯೂಜಿಲೆಂಡಿನ ಬಾಬ್ ಡೀನ್ಸ್ ಗೆರೆಯ ಹತ್ತಿರ ಹಿಡಿತಕ್ಕೆ ಸಿಕ್ಕಿ ಬಿದ್ದ. ಚೆಂಡು ಗೆರೆ ದಾಟಿತ್ತು ಅಂತ ಡೀನ್ಸ್, ದಾಟಿರಲಿಲ್ಲ ಅಂತ ವೇಲ್ಸ್. ರೆಫರಿ ಬರುವಷ್ಟರಲ್ಲಿ ಎಳೆದಾಟ ಆಗಿಹೋಗಿತ್ತು. ಟ್ರೈ ಕೊಡಲಿಲ್ಲ, ವೇಲ್ಸ್ 3-0ರಿಂದ ಗೆದ್ದಿತು. ಡೀನ್ಸ್ ತಾನು ಚೆಂಡನ್ನು ಗೆರೆಯಾಚೆ ಇಟ್ಟದ್ದು ನಿಜ ಎಂದು ಪತ್ರಿಕೆಗೆ ತಂತಿ ಕಳಿಸಿದ. ಮೂರು ವರ್ಷದೊಳಗೆ, 24ನೇ ವಯಸ್ಸಿಗೆ ಅವನು ತೀರಿಹೋದ. ಎರಡೂ ದೇಶದಲ್ಲಿ ಆ ಜಗಳ ಈಗಲೂ ಬಿಸಿ ಆರಿಲ್ಲ. ನಾನು ಅದರೊಳಗೆ ಕೈ ಹಾಕುವುದಿಲ್ಲ.

ನನಗೆ ಹಿಡಿಸಿದ್ದು ಗ್ಯಾಲಹರ್ ನಡೆದುಕೊಂಡ ರೀತಿ. ಇವತ್ತು ಚೆನ್ನಾಗಿ ಆಡಿದವರು ಗೆದ್ದರು, ನನಗೆ ತಕರಾರಿಲ್ಲ ಎಂದರು ಅವತ್ತೇ. 1906ರ ಮಾರ್ಚ್‌ನಲ್ಲಿ ಆಕ್ಲೆಂಡ್ ಬಂದರಿನಲ್ಲಿ ಭಾರಿ ಸ್ವಾಗತ ಸಿಕ್ಕಾಗಲೂ ಅದೇ ಮಾತು. ಜೊತೆಗೆ ಒಂದು ಸಲಹೆ ಸೇರಿಸಿದರು: ಮುಂದೆ ಇಂಥ ಪ್ರವಾಸ ಮಾಡಿದರೆ ವೇಲ್ಸ್ ಪಂದ್ಯವನ್ನು ಮೊದಲೇ ಇಡಿ. ಸುಸ್ತಾಗಿದ್ದೆವು ಎಂದು ಗೊಣಗದೇ ಸುಸ್ತನ್ನು ಹೇಳುವ ಜಾಣತನ ಇದು.

ಪೂರ್ತಿ ಲೆಕ್ಕ: 35 ಪಂದ್ಯ, 34 ಗೆಲುವು, 976 ಅಂಕ ಗಳಿಸಿ 59 ಬಿಟ್ಟುಕೊಟ್ಟದ್ದು. ಮನೆಗೆ ಹೊರಡುವ ಮುಂಚೆ ಗ್ಯಾಲಹರ್ ಮತ್ತು ಸ್ಟೆಡ್ ತಮ್ಮ ಆಟದ ಪದ್ಧತಿಯ ಬಗ್ಗೆ 300 ಪುಟ ಮೀರುವ ಪುಸ್ತಕವನ್ನೇ ಬರೆದುಕೊಟ್ಟರು. ಬಹುಪಾಲು ಬರೆದದ್ದು ಸ್ಟೆಡ್. ಯಾವ ಗುಟ್ಟನ್ನು ಮೋಸ ಎಂದು ಬೈದಿದ್ದರೋ ಅದನ್ನು ಚಿತ್ರ ಸಮೇತ ಅಚ್ಚು ಹಾಕಿಸಿದರು!

ಪ್ರವಾಸದ ನಂತರ ಆಡುವುದನ್ನು ಬಿಟ್ಟರು. ಅದೇ ವರ್ಷ ನೆಲ್ಲಿ ಎಂಬವರನ್ನು ಮದುವೆಯಾದರು, 1908ರಲ್ಲಿ ಮಗಳು ಹುಟ್ಟಿದಳು. ಆಕ್ಲೆಂಡ್ ತಂಡಕ್ಕೆ 1916ರವರೆಗೂ, ದೇಶದ ತಂಡಕ್ಕೆ 1907ರಿಂದ 1914ರವರೆಗೂ ಆಯ್ಕೆಗಾರರಾಗಿದ್ದರು. ನಡುವೆ 1909ರಲ್ಲಿ ಪ್ರವಾಸದಲ್ಲಿದ್ದ ಆಕ್ಲೆಂಡ್ ತಂಡಕ್ಕೆ ಜನ ಸಾಲದಾದಾಗ ಆಯ್ಕೆಗಾರರೇ ಅಂಗಿ ಹಾಕಿಕೊಂಡು ಆಡಿದ್ದೂ ಉಂಟು.

ಇನ್ನು ಸೇಡಿನ ಕಥೆ. ತಮ್ಮ ಡಗ್ಲಸ್ ಸತ್ತದ್ದು ನಿಜ. ಆಸ್ಟ್ರೇಲಿಯಾದ ಸೇನೆಯಲ್ಲಿದ್ದ ಅವನು ಫ್ರಾನ್ಸ್‌ನಲ್ಲಿ 1916ರ ಜೂನ್ 3ರಂದು ಮಡಿದ. ಆದರೆ ಗ್ಯಾಲಹರ್ ಸೇನೆಗೆ ಹೆಸರು ಬರೆಸಿದ್ದು ಮೇ ತಿಂಗಳಲ್ಲಿ. ಕರೆ ಬರಲಿ ಎಂದು ಕಾಯುತ್ತಿದ್ದಾಗ ಸುದ್ದಿ ಬಂತು. ಅವರಿಗಾಗ 42. ಕಡ್ಡಾಯ ಸೇವೆಯ ವಯಸ್ಸು ದಾಟಿತ್ತು, ಮನೆಯಲ್ಲಿ ಚಿಕ್ಕ ಮಗಳು. ಯಾರೂ ಕೇಳುತ್ತಿರಲಿಲ್ಲ, ಆದರೂ ಹೊರಟರು. ಸೇಡು ಎಂದರೆ ಕಥೆಗೆ ಒಂದು ಕಾರಣ ಸಿಗುತ್ತದೆ, ಅದಕ್ಕೇ ಅದು ಹಬ್ಬಿರಬೇಕು. ನನಗನ್ನಿಸುವುದು, ಬೋಯರ್ ಯುದ್ಧದಲ್ಲಿ ಸಾರ್ಜೆಂಟ್ ಮೇಜರ್ ಆಗಿದ್ದವರು, ತಮಗಿಂತ ಚಿಕ್ಕವರೆಲ್ಲ ಹೋಗುತ್ತಿರುವಾಗ ಮನೆಯಲ್ಲಿ ಕೂರಲಾರದೆ ಹೋದರು. ಮುಂದೆ 1918ರಲ್ಲಿ ಇನ್ನೊಬ್ಬ ತಮ್ಮ ಹೆನ್ರಿಯೂ ಯುದ್ಧದಲ್ಲಿ ಸತ್ತ.

1917ರ ಅಕ್ಟೋಬರ್ 4ರಂದು ಬೆಲ್ಜಿಯಂನಲ್ಲಿ, ಪ್ಯಾಶನ್‌ಡೇಲ್ ಕದನದ ಭಾಗವಾಗಿ ನ್ಯೂಜಿಲೆಂಡ್ ಪಡೆ ಗ್ರಾವೆನ್‌ಸ್ಟಾಫೆಲ್ ದಿಣ್ಣೆಯ ಮೇಲೆ ದಾಳಿ ಮಾಡಿತು. ಸಿಡಿದ ಶೆಲ್ಲಿನ ಚೂರು ಗ್ಯಾಲಹರ್ ತಲೆಗೆ ಹೊಕ್ಕಿತು. ಆಸ್ಟ್ರೇಲಿಯಾದವರ ಯುದ್ಧ ಆಸ್ಪತ್ರೆಗೆ ಹೊತ್ತು ತಂದರು. ಅಲ್ಲೇ ಪ್ರಾಣ ಹೋಯಿತು. 44 ತುಂಬಲು ಇನ್ನು 26 ದಿನ ಇತ್ತು.

ಟ್ರೋಫಿ ವಿಷಯ ಉಳಿಯಿತು. ಫ್ರಾನ್ಸ್ ತನ್ನ ಇತಿಹಾಸದ ಮೊದಲ ಟೆಸ್ಟ್ ಪಂದ್ಯ ಆಡಿದ್ದು 1906ರ ಜನವರಿ 1ರಂದು ಪ್ಯಾರಿಸ್‌ನಲ್ಲಿ, ಇದೇ ತಂಡದ ಎದುರು. 38-8ರಿಂದ ಸೋತರು. ಅವತ್ತು ನ್ಯೂಜಿಲೆಂಡಿನ ನಾಯಕ ಗ್ಯಾಲಹರ್, ಅದು ಅವರ ಕೊನೆಯ ಟೆಸ್ಟ್ ಕೂಡ. ಹನ್ನೊಂದು ವರ್ಷದ ಮೇಲೆ ಅವರು ಸತ್ತ ಜಾಗ ಫ್ರಾನ್ಸ್ ಗಡಿಗೆ ಹತ್ತಿರ. ಹಾಗಾಗಿ ಎರಡೂ ದೇಶದವರು ಸೇರಿ ಆ ಹೆಸರಿಟ್ಟರು. ಟ್ರೋಫಿಗಾಗಿ ಮೊದಲ ಪಂದ್ಯ ನಡೆದದ್ದು 2000ದ ನವೆಂಬರ್ 11ರಂದು. ಮೊದಲನೇ ಮಹಾಯುದ್ಧ ಮುಗಿದ ದಿನವೂ ನವೆಂಬರ್ 11. ಆಕ್ಲೆಂಡ್‌ನ ಕ್ಲಬ್‌ಗಳು ಮಾತ್ರ ಅದಕ್ಕೂ ಬಹಳ ಮುಂಚೆ, 1922ರಿಂದಲೇ ಗ್ಯಾಲಹರ್ ಶೀಲ್ಡ್‌ಗಾಗಿ ಆಡುತ್ತಿವೆ.

ಅವರ ಸಮಾಧಿ ಬೆಲ್ಜಿಯಂನ ಪೋಪರಿಂಗ ಊರಿನ ಹತ್ತಿರ, ನೈನ್ ಎಲ್ಮ್ಸ್ ಎಂಬ ಸೈನಿಕ ಸ್ಮಶಾನದಲ್ಲಿದೆ. 1924ರ ಆಲ್ ಬ್ಲ್ಯಾಕ್ಸ್ ತಂಡ ಅಲ್ಲಿಗೆ ಹೋಗಿ ನಮಿಸಿತ್ತು, ಯುರೋಪಿಗೆ ಹೋದ ತಂಡಗಳು ಈಗಲೂ ಹೋಗುತ್ತವೆ. ಉಳಿದ ಸೈನಿಕರಿಗೆ ಇರುವಂಥದ್ದೇ ಬಿಳಿ ಕಲ್ಲು, ಮೇಲೆ ನ್ಯೂಜಿಲೆಂಡಿನ ಜರೀಗಿಡದ ಎಲೆ. ನಾಯಕ, ಆಲ್ ಬ್ಲ್ಯಾಕ್ ಎಂದೆಲ್ಲ ಏನೂ ಬರೆದಿಲ್ಲ. ವಯಸ್ಸು ಮಾತ್ರ ತಪ್ಪಾಗಿದೆ. 1901ರಲ್ಲಿ ಹೇಳಿದ ಆ ಸಣ್ಣ ಸುಳ್ಳನ್ನೇ ಅವರು ಎರಡನೇ ಸಲ ಸೇರುವಾಗಲೂ ಹೇಳಿದ್ದರು. ಕಲ್ಲಿನಲ್ಲಿ 41 ಎಂದು ಕೆತ್ತಿದೆ.